ರೈ ಸಾರು, ಅಂಬುರಾನಾ ಒಗ್ಗರಣೆ

“ರೈ ಅಂದ್ರೆ ಸಾಸಿವೆ ಅಲ್ವಾ? ಸಾಸಿವೆಯಲ್ಲೂ ವಿಸ್ಕಿ ತೆಗೀತಾರಾ?”

ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಗೆಳೆಯ ಬಾಟಲಿಯನ್ನು ದೀಪಕ್ಕೆ ಹಿಡಿದು ಕೇಳಿದ. ಅವನ ತಪ್ಪಲ್ಲ. ಹಿಂದಿಯವರ ಅಂಗಡಿಯಲ್ಲಿ ರಾಯಿ ಅಂದರೆ ಸಾಸಿವೆಯೇ. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಷ್ಟ್ರು, “ನನಗೆ ಗೊತ್ತಿರೋ ರೈಗಳೆಲ್ಲ ಮಂಗಳೂರು ಕಡೆಯವರು” ಅಂದರು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆ ತಾರಸಿಯಲ್ಲಿ ಆ ಶನಿವಾರದ ಸಂಜೆ ಶುರುವಾಗಿದ್ದು ಹೀಗೆ.

ಬಾಟಲಿ ತಂದವನು ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗ. ಅಲ್ಲಿನ ಒಂದು ಸಣ್ಣ ಡಿಸ್ಟಿಲರಿಯ ಮಾಲು. ಲೇಬಲ್ ಮೇಲೆ ಮೂರು ಮಾತು ಎದ್ದು ಕಾಣುತ್ತಿದ್ದವು. ರೈ ವಿಸ್ಕಿ. 115 ಪ್ರೂಫ್. ಅಂಬುರಾನಾ ಮರದ ಪೀಪಾಯಿಯಲ್ಲಿ ಫಿನಿಶ್. ನಾವು ನಾಲ್ಕು ಜನ. ಮೂರೂ ಮಾತು ಒಟ್ಟಿಗೆ ಅರ್ಥವಾದವರು ಒಬ್ಬರೂ ಇರಲಿಲ್ಲ. ನಾಲ್ಕನೆಯವನಿಗೆ ಅರ್ಥ ಬೇಕಾಗಿಯೂ ಇರಲಿಲ್ಲ. ಯಾವಾಗಲೂ ಎತ್ತುವ ಹಾಗೆ ಗ್ಲಾಸ್ ಎತ್ತಿ ಒಂದೇ ಗುಟುಕಿಗೆ ಗಂಟಲಿಗೆ ಹಾಕಿದ. ಆಮೇಲೆ ಎರಡು ನಿಮಿಷ ಕೆಮ್ಮು, ಕಣ್ಣಲ್ಲಿ ನೀರು. “ಇದು ಹಳೇ ಪ್ಯಾಕೆಟ್ ಸಾರಾಯಿನೇ ಕಣ್ರೋ, ಬಾಟಲಿ ಮಾತ್ರ ಬೇರೆ” ಅಂದ. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ. ಇಷ್ಟು ವರ್ಷವಾದರೂ ನಾಲಿಗೆ ಮರೆತಿಲ್ಲ.

ಅವನ ಕೆಮ್ಮಿನಿಂದಲೇ ನನಗೆ ಈ ಲೇಖನ ಬರೆಯುವ ಮನಸ್ಸಾಯಿತು. ಆ ಬಾಟಲಿಯಲ್ಲಿ ಒಂದು ಕಾಳು ಇತ್ತು, ಒಂದು ಉರಿ ಇತ್ತು, ಒಂದು ಮರ ಇತ್ತು. ಅವನಿಗೆ ಸಿಕ್ಕಿದ್ದು ಉರಿ ಮಾತ್ರ. ಮೂರನ್ನೂ ಬಿಡಿಸಿ ನೋಡುವುದು ಹೇಗೆ ಅನ್ನುವುದೇ ಇಲ್ಲಿರುವ ವಿಷಯ.

ಮೊದಲು ಕಾಳು. ರೈ ಸಾಸಿವೆಯಲ್ಲ. ಗೋಧಿ, ಬಾರ್ಲಿಯ ದಾಯಾದಿ. ಚಳಿ ತಡೆಯುತ್ತದೆ, ಬಡ ಮಣ್ಣಿನಲ್ಲೂ ಬೆಳೆಯುತ್ತದೆ. ನಮ್ಮ ಕಡೆ ಭತ್ತ ಬೆಳೆಯಲಾಗದ ಹೊಲಕ್ಕೆ ರಾಗಿ ಹೇಗೋ, ಜರ್ಮನಿ, ಪೋಲೆಂಡ್, ರಷ್ಯಾಗಳಲ್ಲಿ ಗೋಧಿ ಒಲ್ಲೆ ಅನ್ನುವ ಹೊಲಕ್ಕೆ ರೈ ಹಾಗೆ. ಅದರ ರೊಟ್ಟಿಯೂ ಕಪ್ಪು, ಗಟ್ಟಿ, ಹೊಟ್ಟೆ ಹಿಡಿಯುವಂಥದ್ದು. ಅಲ್ಲಿಂದ ಅಮೆರಿಕಕ್ಕೆ ವಲಸೆ ಹೋದ ರೈತರು ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ಇದನ್ನೇ ಬಿತ್ತಿದರು. ಉಳಿದ ಕಾಳನ್ನು ಭಟ್ಟಿ ಇಳಿಸಿದರು. ಗುಡ್ಡಗಾಡಿನ ದಾರಿಯಲ್ಲಿ ಮೂಟೆ ಹೊರುವುದಕ್ಕಿಂತ ಪೀಪಾಯಿ ಸಾಗಿಸುವುದು ಲಾಭ.

ಇಲ್ಲೊಂದು ತಮಾಷೆ ಇದೆ. 1791ರಲ್ಲಿ ಅಮೆರಿಕ ಸರ್ಕಾರ ಮದ್ಯದ ಮೇಲೆ ಸುಂಕ ಹಾಕಿತು. ಪೆನ್ಸಿಲ್ವೇನಿಯಾದ ರೈತರು ತಿರುಗಿಬಿದ್ದರು. 1794ರಲ್ಲಿ ಆ ದಂಗೆಯನ್ನು ಅಡಗಿಸಲು ಸೈನ್ಯದ ಜೊತೆ ಸ್ವತಃ ಹೊರಟವರು ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಅದೇ ವಾಷಿಂಗ್ಟನ್ 1797ರಲ್ಲಿ ಮೌಂಟ್ ವರ್ನನ್‌ನ ತಮ್ಮ ಜಮೀನಿನಲ್ಲಿ ಭಟ್ಟಿ ಹಾಕಿಸಿದರು. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಯಿತು, ಅಂದರೆ 40,000 ಲೀಟರ್‌ಗೂ ಜಾಸ್ತಿ. ಅದರಲ್ಲಿ ಶೇ. 60 ರೈ, ಶೇ. 35 ಮೆಕ್ಕೆಜೋಳ, ಉಳಿದ ಶೇ. 5 ಮೊಳಕೆ ಬಾರ್ಲಿ. 1920ರಿಂದ 1933ರವರೆಗಿನ ಪಾನನಿಷೇಧದ ಹೊಡೆತಕ್ಕೆ ರೈ ಹೆಚ್ಚುಕಡಿಮೆ ಮೂಲೆ ಸೇರಿತು. ಮತ್ತೆ ಎದ್ದಿದ್ದು ಈ ಶತಮಾನದಲ್ಲಿ.

ಈಗಿನ ಅಮೆರಿಕದ ಕಾನೂನು ಸರಳ. ರೈ ವಿಸ್ಕಿ ಅನ್ನಬೇಕಾದರೆ ಹಾಕಿದ ಕಾಳಿನಲ್ಲಿ ಕನಿಷ್ಠ ಶೇ. 51 ರೈ ಇರಬೇಕು. ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಮಾಗಬೇಕು. ಕನಿಷ್ಠ 2 ವರ್ಷ ಮಾಗಿದ್ದರೆ ‘ಸ್ಟ್ರೇಟ್’ ಅಂತ ಬರೆದುಕೊಳ್ಳಬಹುದು. ಸಣ್ಣ ಪ್ರಮಾಣದಲ್ಲಿ ಮುತುವರ್ಜಿಯಿಂದ ಮಾಡಿದ್ದು ಅಂತ ಹೇಳಿಕೊಳ್ಳಲು ಹಾಕುವ ‘ಕ್ರಾಫ್ಟ್’ ಅನ್ನುವ ಪದಕ್ಕೆ ಮಾತ್ರ ಅಲ್ಲಿ ಕಾನೂನಿನ ಅರ್ಥವೇ ಇಲ್ಲ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಎಷ್ಟೋ ಸಣ್ಣ ಕಂಪನಿಗಳು ಇಂಡಿಯಾನಾ ರಾಜ್ಯದ ಲಾರೆನ್ಸ್‌ಬರ್ಗ್‌ನ ದೊಡ್ಡ ಕಾರ್ಖಾನೆಯಿಂದ ಶೇ. 95 ರೈ ಇರುವ ವಿಸ್ಕಿಯನ್ನು ಕೊಂಡು, ತಮ್ಮ ಪೀಪಾಯಿಗೆ ಹಾಕಿ, ತಮ್ಮ ಚೀಟಿ ಅಂಟಿಸುತ್ತವೆ. ಅದರಲ್ಲಿ ಮೋಸವಿಲ್ಲ. ಮೈಸೂರಿನಿಂದ ರೇಷ್ಮೆ ತಂದು ಇಲ್ಲಿ ಕುಚ್ಚು ಕಟ್ಟಿದ ಹಾಗೆ. ಆದರೆ ಸೀರೆ ನೇಯ್ದವರೂ ನಾವೇ ಅಂದರೆ ಬೇಜಾರು. ಲೇಬಲ್ಲಿನ ಹಿಂಬದಿಯಲ್ಲಿ ಭಟ್ಟಿ ಇಳಿಸಿದ ರಾಜ್ಯದ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ನೋಡಿಕೊಳ್ಳಿ.

ರೈ ಭಟ್ಟಿಯವರಿಗೆ ತಲೆನೋವಿನ ಕಾಳು. ನೀರು ಹಾಕಿ ಬೇಯಿಸಿದರೆ ಅಂಟಂಟು. ರಾಗಿ ಅಂಬಲಿ ಕಾಯಿಸುವಾಗ ಕೈ ಬಿಟ್ಟರೆ ತಳ ಹಿಡಿದು ಗಟ್ಟಿಯಾಗುತ್ತದಲ್ಲ, ಹಾಗೇ. ರೈಯಲ್ಲಿರುವ ಅಂಟಿನಂಥ ನಾರು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಹುದುಗು ಬರುವಾಗ ನೊರೆ ಉಕ್ಕಿ ತೊಟ್ಟಿಯಿಂದ ಹೊರಗೆ ಬರುತ್ತದೆ. ಇಷ್ಟು ಕಷ್ಟಪಟ್ಟರೂ ಅದನ್ನು ಬಿಡದಿರುವುದು ಘಮಕ್ಕಾಗಿ. ರೈ ಹೊಟ್ಟಿನಲ್ಲಿ ಫೆರೂಲಿಕ್ ಆಮ್ಲ ಅಂತ ಒಂದು ಇರುತ್ತದೆ. ಹುದುಗು ಬರುವಾಗ, ಕಾಯುವಾಗ ಅದರಲ್ಲಿ ಒಂದಷ್ಟು ಲವಂಗದ ಖಾರವನ್ನು ನೆನಪಿಸುವ ವಸ್ತುವಾಗಿ ಬದಲಾಗುತ್ತದೆ. ಒಳ್ಳೆಯ ರೈಯಲ್ಲಿ ಅದರ ಜೊತೆಗೆ ಕರಿಮೆಣಸು, ಪುದೀನ, ಮತ್ತೆ ಒಂದು ಹಸಿರು ವಾಸನೆ. ಈ ಹಸಿರು ವಾಸನೆಗೆ ಅಮೆರಿಕದವರು ‘ಡಿಲ್’ ಅನ್ನುತ್ತಾರೆ. ಡಿಲ್ ಅಂದರೆ ನಮ್ಮ ಸಬ್ಬಸಿಗೆ ಸೊಪ್ಪು! ಇದು ಗೊತ್ತಾದ ದಿನ ನನಗೆ ಭಾರಿ ಖುಷಿಯಾಗಿತ್ತು. ಅವರು ಪುಸ್ತಕ ನೋಡಿ ಕಲಿಯುವ ವಾಸನೆಯನ್ನು ನಾವು ಅಕ್ಕಿ ರೊಟ್ಟಿಯಲ್ಲೇ ಕಲಿತಿರುತ್ತೇವೆ.

ಸಬ್ಬಸಿಗೆಯನ್ನು ನೆನಪಿಟ್ಟುಕೊಳ್ಳಿ. ಆ ಸಂಜೆ ನಾವು ಹುಡುಕಿದ್ದೆಲ್ಲ ಅದನ್ನೇ.

ಈಗ 115 ಪ್ರೂಫ್. ಈ ಲೆಕ್ಕ ಗೊಂದಲ ಹುಟ್ಟಿಸುವುದಕ್ಕೆ ಕಾರಣವಿದೆ. ಪ್ರೂಫ್ ಎರಡು ಥರ. ಅಮೆರಿಕದ ಪ್ರೂಫ್ ಅಂದರೆ ಆಲ್ಕೋಹಾಲ್ ಶೇಕಡಾವಾರಿನ ಎರಡರಷ್ಟು. 115 ಪ್ರೂಫ್ ಅಂದರೆ ಶೇ. 57.5. ಬ್ರಿಟಿಷರ ಪ್ರೂಫ್ ಬೇರೆ. ಹಿಂದೆ ಸುಂಕದವರು ಮದ್ಯವನ್ನು ಕೋವಿಮದ್ದಿನ ಮೇಲೆ ಸುರಿದು ಬೆಂಕಿ ಇಡುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಸರಕು ಗಟ್ಟಿ, ಹೊತ್ತದಿದ್ದರೆ ನೀರು ಬೆರೆಸಿದ್ದಾರೆ ಅಂತ. ಆಮೇಲೆ ಅಳತೆಯ ಕಡ್ಡಿ ಬಂತು. ಅದರ ಪ್ರಕಾರ ಬ್ರಿಟಿಷರ 100 ಪ್ರೂಫ್ ಅಂದರೆ ಸುಮಾರು ಶೇ. 57.1.

ನಮ್ಮ ವೈನ್ ಶಾಪಿನ ಬಾಟಲಿಗಳ ಮೇಲೆ 42.8 ಅನ್ನುವ ವಿಚಿತ್ರ ಸಂಖ್ಯೆ ಇರುತ್ತದಲ್ಲ, ಅದು ಯಾಕೆ 40 ಅಲ್ಲ, 43 ಅಲ್ಲ ಅಂತ ಯಾವತ್ತಾದರೂ ಅನಿಸಿದೆಯಾ? ಅದು ಬ್ರಿಟಿಷರು ಬಿಟ್ಟುಹೋದ ಲೆಕ್ಕ. 100 ಪ್ರೂಫ್‌ಗಿಂತ 25 ಕಡಿಮೆ, ಅಂದರೆ 75 ಡಿಗ್ರಿ ಪ್ರೂಫ್. 57.1ರ ಮುಕ್ಕಾಲು ಭಾಗ ಎಷ್ಟು ಅಂತ ಲೆಕ್ಕ ಹಾಕಿ, 42.8 ಬರುತ್ತದೆ. ನಮ್ಮ ಕೈಯಲ್ಲಿದ್ದ ಅಮೆರಿಕದ ಬಾಟಲಿ ಶೇ. 57.5. ಹಳೇ ಸುಂಕದವರ ಮದ್ದು ಹೊತ್ತಿಕೊಳ್ಳುವ ಗೆರೆಯ ಮೇಲೇ ಕೂತಿದೆ! ಕೆಮ್ಮಿದ ಗೆಳೆಯನಿಗೆ ಈ ಲೆಕ್ಕ ಹೇಳಿದೆ. “ಗಂಟಲಲ್ಲೇ ಪರೀಕ್ಷೆ ಆಯ್ತಲ್ಲ, ಇನ್ನು ಲೆಕ್ಕ ಯಾಕೆ” ಅಂದ.

ಅಷ್ಟು ಖಡಕ್ಕಾಗಿ ಯಾಕೆ ಬಾಟಲಿಗೆ ತುಂಬಿಸುತ್ತಾರೆ? ಪೀಪಾಯಿಯಿಂದ ತೆಗೆದದ್ದನ್ನು ನೀರು ಬೆರೆಸದೆ, ಇಲ್ಲವೇ ಸ್ವಲ್ಪವೇ ಬೆರೆಸಿ ಕೊಡುವುದು ಈಗಿನ ರೂಢಿ. ಅಮೆರಿಕದಲ್ಲಿ ಪೀಪಾಯಿಗೆ ಹಾಕುವಾಗ ಶೇ. 62.5 ಮೀರುವಂತಿಲ್ಲ. ಕೆಂಟಕಿಯಂಥ ಕಡೆ ಗೋದಾಮಿನ ಮೇಲಿನ ಅಂತಸ್ತು ಬಿಸಿ, ಗಾಳಿ ಒಣ. ಅಲ್ಲಿ ಮರದ ಮೂಲಕ ಆಲ್ಕೋಹಾಲಿಗಿಂತ ನೀರೇ ಬೇಗ ಹಾರುತ್ತದೆ. ಹಾಗಾಗಿ ವರ್ಷ ಕಳೆದಂತೆ ಖಡಕ್ ಏರುತ್ತದೆ. ಸ್ಕಾಟ್ಲೆಂಡಿನ ಥಂಡಿಯಲ್ಲಿ ಇದು ಉಲ್ಟಾ, ಇಳಿಯುತ್ತದೆ. ಶೇ. 70 ದಾಟಿದ ಮದ್ಯವನ್ನು ಪ್ರಯಾಣಿಕರು ವಿಮಾನದಲ್ಲಿ ತರುವಂತೆಯೇ ಇಲ್ಲ. ಪೆಟ್ರೋಲ್, ಪಟಾಕಿಗಳ ಸಾಲಿಗೆ ಸೇರುತ್ತದೆ.

ನಿಮಗೆ ನಿಜವಾಗಿ ಬೇಕಾದ ಲೆಕ್ಕ ಇದು. ಈ ವಿಸ್ಕಿಯ 30 ಎಂಎಲ್, ನಮ್ಮ ಮಾಮೂಲಿ 42.8ರ 40 ಎಂಎಲ್‌ಗೆ ಸಮ. ಒಂದು ‘ಲಾರ್ಜ್’ ಅಂತ 60 ಸುರಿದುಕೊಂಡರೆ 80 ಕುಡಿದ ಹಾಗೆ. ಕೈ ಅಳತೆಯಲ್ಲಿ ಸುರಿಯುವವರು ಇದನ್ನು ಮರೆತರೆ ತಾರಸಿಯ ಮೆಟ್ಟಿಲು ಇಳಿಯುವಾಗ ನೆನಪಾಗುತ್ತದೆ. ನಾವು ಒಬ್ಬೊಬ್ಬರಿಗೆ 15 ಎಂಎಲ್‌ನಂತೆ ಔಷಧಿ ಮುಚ್ಚಳದಲ್ಲಿ ಅಳೆದೆವು. ಮಕ್ಕಳ ಕೆಮ್ಮಿನ ಸಿರಪ್ ಮುಚ್ಚಳ. ಬೇಕಾದ್ದು ಸಿಕ್ಕಿತು, ಅಷ್ಟೇ.

ಉರಿಯ ಬಗ್ಗೆ ಮೇಷ್ಟ್ರು ಹೇಳಿದ್ದು ನನಗೆ ಈಗಲೂ ಇಷ್ಟ. ನಾಲಿಗೆಯಲ್ಲಿ, ಗಂಟಲಲ್ಲಿ ಬಿಸಿ ಗುರುತಿಸುವ ಒಂದು ಬಾಗಿಲು ಇದೆ. ಟಿಆರ್‌ಪಿವಿ1 ಅಂತ ಅದರ ಹೆಸರು. ಸುಮಾರು 42 ಡಿಗ್ರಿ ದಾಟಿದರೆ ಅದು ತೆರೆದುಕೊಂಡು, ಸುಡ್ತಿದೆ ಅಂತ ಮೆದುಳಿಗೆ ಹೇಳುತ್ತದೆ. ಮೆಣಸಿನಕಾಯಿಯ ಖಾರ ತೆರೆಯುವುದೂ ಇದೇ ಬಾಗಿಲನ್ನು. ಆಲ್ಕೋಹಾಲ್ ಮಾಡುವ ಕೆಲಸ ಇನ್ನೂ ಚಾಲಾಕಿ. ಬಾಗಿಲು ತೆರೆಯುವ ಮಟ್ಟವನ್ನೇ 34 ಡಿಗ್ರಿಯ ಹತ್ತಿರಕ್ಕೆ ಇಳಿಸುತ್ತದೆ. 2002ರಲ್ಲಿ ಪ್ರಕಟವಾದ ಸಂಶೋಧನೆ ಇದನ್ನು ತೋರಿಸಿತು. ಬಾಯಿಯ ಒಳಗಿನ ಬಿಸಿ 36, 37 ಇರುತ್ತದೆ. ಅಂದರೆ ನಿಮ್ಮ ಬಾಯಿಯ ಸ್ವಂತ ಬಿಸಿಯೇ ನಿಮಗೆ ಸುಡುತ್ತದೆ! ವಿಸ್ಕಿ ತಣ್ಣಗೇ ಇರುತ್ತದೆ.

ಇದು ತಿಳಿದರೆ ಎರಡು ಕೆಲಸ ಸುಲಭ. ಒಂದು, ರುಚಿ ನೋಡುವ ಮೊದಲು ಮೆಣಸಿನಕಾಯಿ ಬಜ್ಜಿ, ಖಾರದ ಮಂಡಕ್ಕಿ ಬೇಡ. ಆಗಲೇ ತೆರೆದಿರುವ ಬಾಗಿಲಿಗೆ ಮತ್ತೆ ಒದ್ದ ಹಾಗೆ ಆಗುತ್ತದೆ. ಹುರಿದ ಕಡಲೆಕಾಯಿ ಸಾಕು, ಉಪ್ಪಿಲ್ಲದಿದ್ದರೆ ಇನ್ನೂ ಒಳ್ಳೆಯದು. ಎರಡು, ಮೊದಲ ಗುಟುಕನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ನಾಲ್ಕು ಹನಿಯಷ್ಟು ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಸವರಿ, ನುಂಗಿ, ಸುಮ್ನೆ ಇರಿ. ಅದು ಬಾಯಿಗೆ ಪರಿಚಯ ಮಾಡಿಸುವ ಗುಟುಕು. ರುಚಿ ಎರಡನೆಯದರಿಂದ.

ಮೂಗಿಗೂ ಇದೇ ಮಾತು. ಇಷ್ಟು ಖಡಕ್ ಇರುವುದನ್ನು ಗ್ಲಾಸಿನೊಳಗೆ ಮೂಗು ತೂರಿಸಿ ಎಳೆದರೆ ಸ್ಪಿರಿಟ್ ಬಿಟ್ಟು ಬೇರೇನೂ ಸಿಗುವುದಿಲ್ಲ. ಗ್ಲಾಸನ್ನು ಗದ್ದದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ಮೆಲ್ಲಗೆ ಮೇಲಕ್ಕೆ ತನ್ನಿ. ಬಾಯಿ ಕಿರಿದಾದ ಗ್ಲಾಸ್ ಬೇಕು. ವೈನ್ ಗ್ಲಾಸ್ ಇದ್ದರೆ ಸಾಕು. ಸ್ಟೀಲ್ ಲೋಟ ಮಾತ್ರ ಬೇಡ, ಎಷ್ಟು ತೊಳೆದರೂ ಅದರಲ್ಲಿ ನಿನ್ನೆಯ ಮಜ್ಜಿಗೆ ಇದ್ದೇ ಇರುತ್ತದೆ.

ಆಮೇಲೆ ನೀರು. ಇಲ್ಲಿ ಜಗಳ ಶುರುವಾಗುತ್ತದೆ. ‘ಒಳ್ಳೇ ವಿಸ್ಕಿಗೆ ನೀರು ಹಾಕಬಾರದು’ ಅನ್ನುವ ಶೋಕಿಯವರು ಪ್ರತಿ ಊರಲ್ಲೂ ಇದ್ದಾರೆ, ತುಮಕೂರಲ್ಲಿ ಸ್ವಲ್ಪ ಜಾಸ್ತಿ. ನನ್ನ ಪ್ರಕಾರ ಖಡಕ್ ವಿಸ್ಕಿಗೆ ನೀರು ಹಾಕದೆ ಕುಡಿಯುವುದು ಬೀಗ ತೆಗೆಯದೆ ಮನೆ ನೋಡಿದ ಹಾಗೆ. ಕಾರಣ ಇದೆ. ವಿಸ್ಕಿಯ ಘಮದ ಕೆಲವು ವಸ್ತುಗಳಿಗೆ ನೀರಿಗಿಂತ ಆಲ್ಕೋಹಾಲೇ ಇಷ್ಟ. ಆಲ್ಕೋಹಾಲ್ ತುಂಬ ಇದ್ದಾಗ ಅವು ಅದರ ಮಧ್ಯೆ ಅಡಗಿ ಕೂರುತ್ತವೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗ್ವಾಯಕಾಲ್ ಅನ್ನುವ ಹೊಗೆವಾಸನೆಯ ವಸ್ತುವನ್ನು ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಇದನ್ನು ಲೆಕ್ಕ ಹಾಕಿದರು. ಶೇ. 59ಕ್ಕಿಂತ ಮೇಲೆ ಅದು ದ್ರವದ ಒಳಗೇ ಮುಳುಗಿರುತ್ತದೆ. ಶೇ. 45 ಮತ್ತು ಅದಕ್ಕಿಂತ ಕೆಳಗೆ ಬಂದರೆ ಮೇಲ್ಮೈಗೆ ಬಂದು ನಿಲ್ಲುತ್ತದೆ. ಮೂಗು ಇರುವುದು ಮೇಲ್ಮೈಯ ಹತ್ತಿರವೇ ಅಲ್ವಾ?

ಎಷ್ಟು ನೀರು? ನಮ್ಮ ಬಾಟಲಿಯ 30 ಎಂಎಲ್‌ಗೆ ಒಂದೂವರೆ ಟೀ ಚಮಚ, ಅಂದರೆ ಏಳೂವರೆ ಎಂಎಲ್ ಹಾಕಿದರೆ ಶೇ. 46ಕ್ಕೆ ಇಳಿಯುತ್ತದೆ. ಎರಡು ಚಮಚ ಹಾಕಿದರೆ ನಮಗೆ ಅಭ್ಯಾಸವಿರುವ 43ರ ಹತ್ತಿರ. ಒಂದೇ ಸಲ ಸುರಿಯಬೇಡಿ, ಅರ್ಧರ್ಧ ಚಮಚ ಹಾಕುತ್ತಾ ಹೋಗಿ. ಯಾವ ನೀರು ಅನ್ನುವುದೂ ಮುಖ್ಯ. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಪಾವಗಡದ ಕಡೆ ಫ್ಲೋರೈಡ್, ಉಳಿದ ಕಡೆ ಗಡಸು. ನಲ್ಲಿಯಲ್ಲಿ ಬರುವ ಹೇಮಾವತಿಗೆ ಕ್ಲೋರಿನ್ ವಾಸನೆ. ಸಮುದ್ರ ದಾಟಿ ಬಂದ ವಿಸ್ಕಿಯನ್ನು ಕೊನೆಯ ಚಮಚದಲ್ಲಿ ಕೆಡಿಸಬೇಡಿ, ಫಿಲ್ಟರ್ ನೀರು ಹಾಕಿ.

ಇಷ್ಟು ಹೇಳುತ್ತಿದ್ದಾಗಲೇ ಕೆಮ್ಮಿದ ಗೆಳೆಯ ತನ್ನ ಗ್ಲಾಸಿಗೆ ಐಸ್ ಹಾಕಿಕೊಂಡಿದ್ದ. ವಿಸ್ಕಿ ಮಂಕಾಯಿತು. “ನೋಡ್ರೋ, ಕಲಬೆರಕೆ!” ಅಂದ. ಅಲ್ಲ. ಮಾಗಿದ ವಿಸ್ಕಿಯಲ್ಲಿ ಎಣ್ಣೆಯ ಜಾತಿಯ ಎಸ್ಟರ್‌ಗಳು ಕರಗಿರುತ್ತವೆ. ಸುಮಾರು ಶೇ. 46ರ ಕೆಳಗೆ ಹೋಗಿ ತಣ್ಣಗಾದರೆ ಅವು ಕರಗಿರಲಾರದೆ ಮಂಜಿನ ಹಾಗೆ ಕಾಣಿಸಿಕೊಳ್ಳುತ್ತವೆ. ಚಳಿಗೆ ತೆಂಗಿನೆಣ್ಣೆ ಬಿಳಿಯಾಗುವುದಿಲ್ಲವೇ, ಅದರ ತಮ್ಮ. ಬಹಳ ಕಂಪನಿಗಳು ಇದಕ್ಕೆ ಹೆದರಿ, ವಿಸ್ಕಿಯನ್ನು ತಣ್ಣಗೆ ಮಾಡಿ ಸೋಸಿಬಿಡುತ್ತವೆ. ಸೋಸಿದಾಗ ಬಾಯಲ್ಲಿನ ಜಿಡ್ಡುತನವೂ ಒಂದಷ್ಟು ಹೋಗುತ್ತದೆ. ಮಂಕಾಗುವ ವಿಸ್ಕಿ ಸೋಸದ ವಿಸ್ಕಿ. ಕೊಬ್ಬರಿ ಗೆಳೆಯನಿಗೆ ಇದು ತಕ್ಷಣ ಅರ್ಥವಾಯಿತು.

ಇನ್ನು ಮರ. ಅಸಲಿ ವಿಷಯ ಇರುವುದು ಇಲ್ಲೇ.

ಪೀಪಾಯಿ ಅಂದರೆ ಓಕ್ ಅನ್ನುವ ರೂಢಿ ಸುಮ್ಮನೆ ಬಂದಿಲ್ಲ. ಮರದ ಒಳಗೆ ನೀರು ಏರುವ ಕೊಳವೆಗಳು ಇರುತ್ತವೆ. ಬಿಳಿ ಓಕ್ ಮರ ಬಲಿತಂತೆ ಆ ಕೊಳವೆಗಳನ್ನು ತಾನೇ ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಪೀಪಾಯಿ ಸೋರುವುದಿಲ್ಲ. ಕೆಂಪು ಓಕ್ ಹಾಗಲ್ಲ. ಅದರ ತುಂಡಿನ ಒಂದು ತುದಿಯಿಂದ ಊದಿದರೆ ಇನ್ನೊಂದು ತುದಿಯಲ್ಲಿ ಗಾಳಿ ಬರುತ್ತದೆ. ಓಕ್ ಪೀಪಾಯಿಯ ಒಳಮೈಯನ್ನು ಸುಟ್ಟಾಗ ಮರ ಒಡೆದು ರುಚಿಗಳಾಗುತ್ತದೆ. ಮರವನ್ನು ಗಟ್ಟಿಯಾಗಿಡುವ ಲಿಗ್ನಿನ್ ಒಡೆದರೆ ವೆನಿಲಾ. ಇನ್ನೊಂದು ಬಗೆಯ ನಾರು ಒಡೆದರೆ ಸಕ್ಕರೆ ಪಾಕ ಕಂದಿದ ವಾಸನೆ. ಮರದಿಂದ ಯೂಜೆನಾಲ್ ಕೂಡ ಬರುತ್ತದೆ, ಅಂದರೆ ಲವಂಗದೆಣ್ಣೆಯಲ್ಲಿರುವ ಅದೇ ವಸ್ತು. ಇದ್ದಿಲಿನ ಪದರ ಗಂಧಕದ ಕೆಟ್ಟ ವಾಸನೆಯನ್ನು ಹೀರಿಕೊಳ್ಳುತ್ತದೆ. ಇನ್ನೊಂದು, ‘ವಿಸ್ಕಿ ಲ್ಯಾಕ್ಟೋನ್’ ಅಂತಲೇ ಹೆಸರು ಬಿದ್ದಿರುವುದು, ತೆಂಗಿನ ವಾಸನೆ ಕೊಡುವಂಥದ್ದು. ನೀರಿಲ್ಲದ ಗ್ಲಾಸನ್ನು ಮೂಸಿದ ಗೆಳೆಯ, ನಾನು ಏನೂ ಹೇಳುವ ಮೊದಲೇ, “ಇದು ನಮ್ಮ ಗೋಡೌನ್ ಥರ ಇದೆ” ಅಂದ. ತಿಪಟೂರು ಕೊಬ್ಬರಿಯವನಿಗೆ ಯಾರೂ ಕಲಿಸಬೇಕಾಗಿಲ್ಲ.

“ಹಂಗಾದ್ರೆ ನಮ್ಮ ಹಲಸಿನ ಮರದಲ್ಲಿ ಯಾಕೆ ಮಾಡಬಾರದು? ವೀಣೆ ಆಗುತ್ತೆ, ಪೀಪಾಯಿ ಆಗಲ್ವಾ?” ಅಂತಲೂ ಕೇಳಿದ. ಒಳ್ಳೆಯ ಪ್ರಶ್ನೆ. ಸ್ಕಾಚ್‌ನವರಿಗೆ ಕಾನೂನಿನ ಪ್ರಕಾರ ಓಕ್ ಬಿಟ್ಟು ಬೇರೆ ಮರ ಮುಟ್ಟುವಂತಿಲ್ಲ. ಅಮೆರಿಕದವರು ಕಳ್ಳದಾರಿ ಅಲ್ಲದ ಒಂದು ಒಳದಾರಿ ಕಂಡುಕೊಂಡಿದ್ದಾರೆ. ಮೊದಲು ಓಕ್‌ನಲ್ಲಿ ಮಾಗಿಸಿ ರೈ ವಿಸ್ಕಿ ಮಾಡಿಕೊಳ್ಳುತ್ತಾರೆ. ಆಮೇಲೆ ಬೇರೆ ಮರದ ಪೀಪಾಯಿಗೆ ಸ್ವಲ್ಪ ದಿನ ವರ್ಗ ಮಾಡುತ್ತಾರೆ. ಹಾಗೆ ಮಾಡಿದ್ದನ್ನು ಲೇಬಲ್ಲಿನಲ್ಲಿ ಹೇಳಲೇಬೇಕು. ಇದಕ್ಕೇ ‘ಫಿನಿಶ್’ ಅನ್ನುವುದು. ಆದರೂ ಯಾವ ಮರ ಬೇಕಾದರೂ ಆಗುವುದಿಲ್ಲ. ಕೆಲವು ಸೋರುತ್ತವೆ, ಕೆಲವು ಕಹಿ, ಕೆಲವು ಆಲ್ಕೋಹಾಲಿಗೆ ಸಿಕ್ಕರೆ ಹೊಟ್ಟೆಗೆ ಹೋಗಬಾರದ್ದನ್ನೂ ಬಿಡುತ್ತವೆ. ಮನೆಯಲ್ಲಿ ಬಡಗಿಯ ಚಕ್ಕೆ ತಂದು ಬಾಟಲಿಗೆ ಹಾಕುವ ಪ್ರಯೋಗ ದಯವಿಟ್ಟು ಬೇಡ.

ಫಿನಿಶ್ ಅನ್ನುವ ಪದಕ್ಕೆ ಎರಡು ಅರ್ಥ ಇರುವುದರಿಂದ ಇನ್ನೊಂದು ಗೊಂದಲ. ಕುಡಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೂ ಫಿನಿಶ್ ಅನ್ನುತ್ತಾರೆ. ನಾನು ಕನ್ನಡದಲ್ಲಿ ಮೊದಲನೆಯದಕ್ಕೆ ಒಗ್ಗರಣೆ ಅಂತಲೂ ಎರಡನೆಯದಕ್ಕೆ ಕೊನೆರುಚಿ ಅಂತಲೂ ಕರೆದುಕೊಳ್ಳುತ್ತೇನೆ. ಒಗ್ಗರಣೆ ಅನ್ನುವುದು ಸುಮ್ಮನೆ ಹೋಲಿಕೆಗಲ್ಲ. ಬೇಳೆ ಬೆಂದು, ಸಾರು ಆದ ಮೇಲೆ, ಕೊನೆಯ ಒಂದು ನಿಮಿಷದಲ್ಲಿ ಹಾಕುವುದು ಒಗ್ಗರಣೆ. ಮೊದಲು ಮೂಗಿಗೆ ಬರುವುದು ಅದೇ. ಆದರೆ ಊಟ ನಡೆಯಬೇಕಾದ್ದು ಸಾರಿನ ಮೇಲೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ನಾರಂಗಿ ಅಂತ ಒಂದು ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬಾರ್ಲಿಯ ವಿಸ್ಕಿ, ಮಾಡಿದ್ದಾರೆ. ಶೆರಿ ವೈನಿನಲ್ಲಿ ಕಿತ್ತಳೆ ಸಿಪ್ಪೆ ನೆನೆಹಾಕಿದ್ದ ಪೀಪಾಯಿಯಲ್ಲಿ ಕೊಟ್ಟ ಒಗ್ಗರಣೆ ಅದು. ಅವರು ಮೊಳಕೆ ಕಟ್ಟಿದ ರೈ ಕಾಳಿನಿಂದಲೂ ವಿಸ್ಕಿ ಇಳಿಸಿದ್ದಾರೆ. ನಮ್ಮ ಬಿಸಿಲಿನಲ್ಲಿ ವರ್ಷಕ್ಕೆ ಪೀಪಾಯಿಯ ಶೇ. 10ರಿಂದ 12ರಷ್ಟು ಆವಿಯಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಇದು ಶೇ. 2ರ ಸುಮಾರು. ಈ ಆವಿಗೆ ಅವರು ದೇವದೂತರ ಪಾಲು ಅನ್ನುತ್ತಾರೆ. ಅಮೃತ್‌ನವರು ತಮ್ಮ ಹಳೆಯ ವಿಸ್ಕಿಗೆ ‘ಗ್ರೀಡಿ ಏಂಜಲ್ಸ್’ ಅಂತಲೇ ಹೆಸರಿಟ್ಟರು. ನಮ್ಮ ಕಡೆಯ ದೇವದೂತರಿಗೆ ಆಸೆ ಸ್ವಲ್ಪ ಜಾಸ್ತಿ.

ಅಂಬುರಾನಾ ಬ್ರೆಜಿಲ್ ಕಡೆಯ ಮರ. ಅಲ್ಲಿನ ಕಬ್ಬಿನಹಾಲಿನ ಮದ್ಯ ಕಶಾಸಾವನ್ನು ಮಾಗಿಸಲು ಹಿಂದಿನಿಂದಲೂ ಬಳಸುತ್ತಾರೆ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಇದು ಬೇಳೆಕಾಳುಗಳ ಕುಟುಂಬ. ನಮ್ಮ ಹುಣಸೆ, ಹೊಂಗೆ, ತೊಗರಿಯ ಬಳಗ. ಇದರ ಬಲ ಇರುವುದು ಕೂಮರಿನ್ ಅನ್ನುವ ವಸ್ತುವಿನಲ್ಲಿ. ಕೂಮರಿನ್ ಅನ್ನು 1820ರಲ್ಲಿ ಮೊದಲು ಬೇರ್ಪಡಿಸಿದ್ದು ದಕ್ಷಿಣ ಅಮೆರಿಕದ ಇನ್ನೊಂದು ಮರದ ಬೀಜದಿಂದ. ಟೊಂಕಾ ಬೀಜ ಅಂತಾರೆ. ನಮಗೆ ಇದು ಹೊಸ ವಾಸನೆಯೇನಲ್ಲ. ಕೊಯ್ದ ಹುಲ್ಲು ಒಣಗುವಾಗ ಬರುವ ಸಿಹಿ ವಾಸನೆಯಲ್ಲಿ ಕೂಮರಿನ್ ಇದೆ. ಅಂಗಡಿಯಲ್ಲಿ ಚಕ್ಕೆ ಅಂತ ಸಿಗುವ ದಪ್ಪ ತೊಗಟೆ ಬಹುಪಾಲು ಕ್ಯಾಸಿಯಾ. ಅದರಲ್ಲೂ ಕೂಮರಿನ್ ಇದೆ. ತೆಳ್ಳಗೆ ಸುರುಳಿ ಸುತ್ತಿದ ಅಸಲಿ ದಾಲ್ಚಿನ್ನಿಯಲ್ಲಿ ತೀರಾ ಕಡಿಮೆ. ತುಂಬ ಹೊಟ್ಟೆಗೆ ಹೋದರೆ ಯಕೃತ್ತಿಗೆ ಒಳ್ಳೆಯದಲ್ಲ ಅನ್ನುವ ಕಾರಣಕ್ಕೆ ಅಮೆರಿಕದಲ್ಲಿ 1954ರಿಂದ ಆಹಾರಕ್ಕೆ ಕೂಮರಿನ್ ಅನ್ನು ನೇರವಾಗಿ ಬೆರೆಸುವಂತಿಲ್ಲ.

ಈ ಮರದ ಸ್ವಭಾವ ಅವಸರದ್ದು. ಓಕ್ ವರ್ಷಗಟ್ಟಲೆ ನಿಧಾನವಾಗಿ ಕೊಡುವುದನ್ನು ಅಂಬುರಾನಾ ಕೆಲವೇ ವಾರಗಳಲ್ಲಿ ಸುರಿದುಬಿಡುತ್ತದೆ. ಇಂಗಿನ ಡಬ್ಬಿಯ ಹಾಗೆ. ಒಂದು ಚಿಟಿಕೆ ಸರಿ, ಎರಡಾದರೆ ಮನೆಯೆಲ್ಲ ಅದೇ.

ಮೂರು ಸುತ್ತು ನೋಡಿದೆವು. ನೀರಿಲ್ಲದೆ, 15 ಎಂಎಲ್‌ಗೆ ಅರ್ಧ ಚಮಚ ಹಾಕಿ, ಕೊನೆಗೆ ಒಂದು ಚಮಚ.

ನೀರಿಲ್ಲದ ಗ್ಲಾಸಿನಲ್ಲಿ ಅಂಬುರಾನಾದ್ದೇ ದರಬಾರು. ಚಕ್ಕೆ, ಬೆಲ್ಲದ ಪಾಕ, ಬೇಕರಿಯಲ್ಲಿ ಬೆಳಿಗ್ಗೆ ಬಿಸ್ಕತ್ತು ತೆಗೆದಾಗಿನ ಗಾಳಿ, ಅದರ ಹಿಂದೆ ಕೊಬ್ಬರಿ. ಎಲ್ಲರೂ ಆಹಾ ಅಂದರು, ನಾನೂ ಅಂದೆ. ಬಾಯಲ್ಲಿ ಮೊದಲು ಸಿಹಿ, ತಕ್ಷಣ ಉರಿ. ಆದರೆ ಮೂರನೇ ಗುಟುಕಿಗೆ ನನಗೆ ಸಾಕೆನಿಸಿತು. ಮದುವೆ ಮನೆಯಲ್ಲಿ ಊಟಕ್ಕೆ ಮೊದಲೇ ಎರಡು ಲೋಟ ಪಾಯಸ ಕುಡಿಸಿದ ಹಾಗೆ. ರೈ ಎಲ್ಲಿ? ಶೇ. 51ರ ಕಾನೂನು, ವಾಷಿಂಗ್ಟನ್ನಿನ ಭಟ್ಟಿ, ಸಬ್ಬಸಿಗೆ ಎಲ್ಲಿ? ಇದ್ದರೂ ಒಗ್ಗರಣೆಯ ಕೆಳಗೆ.

ಅರ್ಧ ಚಮಚ ಬಿದ್ದ ಮೇಲೆ ಸಿಹಿ ಹಿಂದೆ ಸರಿಯಲಿಲ್ಲ, ಬದಲಾಗಿ ಇನ್ನೂ ಅರಳಿತು. ಇದು ನಾನು ಎಣಿಸಿರದ ಸಂಗತಿ. ನೀರು ಹಾಕಿದರೆ ಎಲ್ಲವೂ ತೆಳುವಾಗುತ್ತದೆ ಅಂದುಕೊಳ್ಳುತ್ತೇವೆ. ಅಡಗಿದ್ದದ್ದು ಮೇಲೆ ಬರುವಾಗ ಮೊದಲು ಬಂದದ್ದು ಮರವೇ. ಉರಿ ಮಾತ್ರ ತಗ್ಗಿತು. ಕೆಮ್ಮಿದ ಗೆಳೆಯ ಈಗ ಮೊದಲ ಬಾರಿಗೆ, “ಏನೋ ಇದೆ ಕಣೋ” ಅಂದ.

ಒಂದು ಚಮಚದ ಗ್ಲಾಸನ್ನು ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟೆವು. ಬಿಡಬೇಕು ಅಂತ ಬಿಟ್ಟಿದ್ದಲ್ಲ. ಕರೆಂಟ್ ಹೋಯಿತು, ಟಾರ್ಚ್ ಹುಡುಕುವುದರಲ್ಲಿ ಮರೆತೆವು. ದೇವರಾಯನದುರ್ಗದ ಕಡೆಯಿಂದ ಗಾಳಿ ತಣ್ಣಗೆ ಬೀಸುತ್ತಿತ್ತು. ಕತ್ತಲಲ್ಲಿ ಮುಚ್ಚಳ ತೆಗೆದವರು ಮೇಷ್ಟ್ರು. ಮೂಸಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಸಬ್ಬಸಿಗೆ” ಅಂದರು.

ಇತ್ತು. ತೆಳುವಾಗಿ, ಚಕ್ಕೆಯ ಪಕ್ಕದಲ್ಲಿ, ಹಸಿರಾಗಿ. ಅದರ ಬೆನ್ನಿಗೆ ಪುದೀನ. ನುಂಗಿದ ಮೇಲೆ ಕರಿಮೆಣಸಿನ ಒಣ ಖಾರ ನಾಲಿಗೆಯ ಬದಿಗಳಲ್ಲಿ ಒಂದೆರಡು ನಿಮಿಷ ನಿಂತಿತು. ಕೊನೆರುಚಿಯಲ್ಲಿ ರೈ ಗೆದ್ದಿತ್ತು. ಹಾಗಾದರೆ ಬಾಟಲಿ ಒಳ್ಳೆಯದೋ ಅಲ್ಲವೋ? ನನ್ನ ಅಭಿಪ್ರಾಯ ಕೇಳಿದರೆ ಒಗ್ಗರಣೆ ಒಂದು ಹದ ಜಾಸ್ತಿ. ಒಂದು ವಾರ ಮೊದಲೇ ಆ ಪೀಪಾಯಿಯಿಂದ ತೆಗೆದಿದ್ದರೆ ಚೆನ್ನಾಗಿತ್ತು. ಚಳಿಗಾಲದ ರಾತ್ರಿ, ಊಟವಾದ ಮೇಲೆ, 20 ಎಂಎಲ್‌ಗೆ ಸರಿ. ಇಡೀ ಸಂಜೆ ಕೂರುವುದಕ್ಕೆ ಅಲ್ಲ. ಕೊಬ್ಬರಿ ಗೆಳೆಯ ಇದನ್ನು ಒಪ್ಪಲಿಲ್ಲ. ಅವನಿಗೆ ನೀರಿಲ್ಲದ ಗ್ಲಾಸೇ ಇಷ್ಟ. ಸಿಹಿ ಇದ್ದರೆ ಅವನಿಗೆ ಎಲ್ಲವೂ ಇಷ್ಟ.

ಉಳಿದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ಕಪಾಟಿನಲ್ಲಿ ಇಟ್ಟೆ. ವೈನಿನ ಹಾಗೆ ಮಲಗಿಸಬಾರದು, ಇಷ್ಟು ಖಡಕ್ ಆಲ್ಕೋಹಾಲ್ ಬಿರಡೆಯನ್ನೇ ತಿನ್ನುತ್ತದೆ. ಗ್ಲಾಸುಗಳನ್ನು ಮಾತ್ರ ಬೇಕಂತಲೇ ತೊಳೆಯದೆ ಬಿಟ್ಟಿದ್ದೆ. ರಾತ್ರಿಯಲ್ಲಿ ಆಲ್ಕೋಹಾಲ್ ಹಾರಿಹೋಗಿ, ಬೇಗ ಹಾರದ ವಸ್ತುಗಳಷ್ಟೇ ಗಾಜಿಗೆ ಅಂಟಿಕೊಂಡಿರುತ್ತವೆ. ಬೆಳಿಗ್ಗೆ ಒಣಗಿದ ಗ್ಲಾಸ್ ಮೂಸಿದರೆ ಯಾವ ಮರ ಎಷ್ಟು ಕೆಲಸ ಮಾಡಿದೆ ಅನ್ನುವುದು ಗೊತ್ತಾಗುತ್ತದೆ. ನಾನು ಏಳುವ ಮೊದಲೇ ಅಮ್ಮ ಎದ್ದಿದ್ದರು. ಅಡುಗೆಮನೆಯಲ್ಲಿ ಒಂದು ಗ್ಲಾಸ್ ಕೈಯಲ್ಲಿ ಹಿಡಿದು ನಿಂತಿದ್ದರು. ಅವರು ಯಾವತ್ತೂ ಇದರ ಸುದ್ದಿಗೆ ಬಂದವರಲ್ಲ.

“ರಾತ್ರಿ ಪಾಯಸ ಮಾಡಿದ್ರಾ? ಚಕ್ಕೆ ಯಾರಾದ್ರೂ ಪಾಯಸಕ್ಕೆ ಹಾಕ್ತಾರಾ?” ಅಂದರು.